ಪಾದ್ರಿಗಳಿಲ್ಲದ ಹದಿನೈದು ವರ್ಷ

1801ರ ಜನವರಿಯಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಮಲಬಾರಿನ ಕಡೆಯಿಂದ ಕೆನರಾ ಸೀಮೆಯೊಳಕ್ಕೆ ಬಂದ. ಟಿಪ್ಪು ಸುಲ್ತಾನ ಸತ್ತು ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ಹೊಸದಾಗಿ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದ ನಾಡಿನಲ್ಲಿ ಬೇಸಾಯ ಹೇಗಿದೆ, ವ್ಯಾಪಾರ ಹೇಗಿದೆ, ಜನ ಹೇಗೆ ಬದುಕುತ್ತಿದ್ದಾರೆ ಎಂದು ನೋಡಿ ಬರೆದುಕೊಡುವ ಕೆಲಸವನ್ನು ಗವರ್ನರ್ ಜನರಲ್ ವೆಲ್ಲೆಸ್ಲಿ ಅವನಿಗೆ ಒಪ್ಪಿಸಿದ್ದ. ಹೊಸದುರ್ಗ, ಬೇಕಲ, ಕಾಸರಗೋಡು, ಕುಂಬಳೆ, ಮಂಜೇಶ್ವರ ದಾಟಿ ಅವನು ಮಂಗಳೂರು ಸೇರಿದ. ಅಲ್ಲಿ ಕ್ಯಾಥೊಲಿಕ್ ಕ್ರೈಸ್ತರ ಮುಖ್ಯ ಪಾದ್ರಿ ಅವನಿಗೆ ಒಂದು ಲೆಕ್ಕ ಹೇಳಿದರು. ಟಿಪ್ಪುವಿನ ಕಾಲಕ್ಕೆ ತಮ್ಮವರು 80,000 ಮಂದಿ ಇದ್ದರು, 27 ಇಗರ್ಜಿಗಳಿದ್ದವು. ಈಗ ಟಿಪ್ಪುವಿನ ಸೆರೆಯಿಂದ ಮರಳಿ ಬಂದಿರುವವರು 15,000. ಇನ್ನೊಂದು 10,000 ಮಂದಿ ಮಲಬಾರಿನಲ್ಲಿದ್ದಾರೆ, ಬಡತನದಲ್ಲಿ ಆದಷ್ಟು ಬೇಗ ಊರಿಗೆ ಬರುತ್ತಿದ್ದಾರೆ.

ಆ ಕೊನೆಯ ಮಾತು ಕಾಸರಗೋಡಿಗೆ ಸಂಬಂಧಿಸಿದ್ದು. ಮಲಬಾರಿನಿಂದ ಮಂಗಳೂರಿಗೆ ನೆಲದ ಮೇಲೆ ಬರುವವನಿಗೆ ಬೇರೆ ದಾರಿಯಿಲ್ಲ. ಚಂದ್ರಗಿರಿ ಹೊಳೆ ದಾಟಲೇಬೇಕು, ಕುಂಬಳೆ ಹಾಯಲೇಬೇಕು. ಬುಕಾನನ್ ಪಲ್ಲಕ್ಕಿಯಲ್ಲೋ ಕುದುರೆಯ ಮೇಲೋ ಸಾಗಿದ ಹಾದಿಯಲ್ಲೇ ಆ ವರ್ಷಗಳಲ್ಲಿ ಮಕ್ಕಳನ್ನು ಸೊಂಟಕ್ಕೇರಿಸಿಕೊಂಡು, ಗಂಟು ತಲೆಮೇಲೆ ಹೊತ್ತು, ಹದಿನೈದು ವರ್ಷದ ಹಿಂದೆ ಬಿಟ್ಟುಹೋದ ಗದ್ದೆಯ ಬದು ಇನ್ನೂ ಇದೆಯೋ ಇಲ್ಲವೋ ತಿಳಿಯದ ಕುಟುಂಬಗಳು ನಡೆದಿರಬೇಕು. ತಲಶ್ಶೇರಿಗೆ ಓಡಿಹೋಗಿದ್ದ ಕುಂಬಳೆಯ ಅರಸನೂ 1799ರಲ್ಲಿ ಇದೇ ಸೀಮೆಗೆ ಹಿಂತಿರುಗಿದ. ಅರಸನ ವಿಷಯ ಗೆಜೆಟಿಯರಿನಲ್ಲಿದೆ. ಒಕ್ಕಲು ಮಕ್ಕಳ ಹೆಸರು ಎಲ್ಲಿಯೂ ಇಲ್ಲ.

ಈ ಕ್ರೈಸ್ತರು ಕರಾವಳಿಗೆ ಬಂದದ್ದು ಗೋವೆಯಿಂದ. 16ನೆಯ ಶತಮಾನದಿಂದಲೇ ಸ್ವಲ್ಪಸ್ವಲ್ಪವಾಗಿ, ಪೋರ್ಚುಗೀಸರ ಮತವಿಚಾರಣೆಯ ಭಯಕ್ಕೆ, ಕ್ಷಾಮಕ್ಕೆ, ಯುದ್ಧಕ್ಕೆ, ಆಮೇಲೆ ಮರಾಠರ ದಾಳಿಗೆ ಹೆದರಿ ದಕ್ಷಿಣಕ್ಕೆ ಇಳಿದರು. ಬೇಸಾಯದಲ್ಲಿ ಗಟ್ಟಿಗರೆಂದು ಕೆಳದಿಯ ನಾಯಕರು ಅವರಿಗೆ ಭೂಮಿ ಕೊಟ್ಟರು. ಬೇಕಲದ ಕೋಟೆ ಕಟ್ಟಿಸಿದ್ದೂ ಇದೇ ಕೆಳದಿಯ ಮನೆತನ; ಅಂದರೆ ಇಂದಿನ ಕಾಸರಗೋಡಿನವರೆಗೂ ಒಂದೇ ಆಳ್ವಿಕೆ, ಒಂದೇ ನಾಡು. 1763ರಲ್ಲಿ ಹೈದರಾಲಿ ಬಿದನೂರನ್ನೂ ಮಂಗಳೂರನ್ನೂ ಗೆದ್ದ ಮೇಲೆ ಈ ನಾಡು ಮೈಸೂರಿನದಾಯಿತು.

ಮುಂದೆ ನಡೆದದ್ದನ್ನು ಯುದ್ಧದಿಂದ ಬೇರ್ಪಡಿಸಿ ನೋಡಿದರೆ ಅರ್ಥವಾಗುವುದಿಲ್ಲ. 1783ರಲ್ಲಿ ಜನರಲ್ ಮ್ಯಾಥ್ಯೂಸನ ಇಂಗ್ಲಿಷ್ ಸೈನ್ಯ ಕರಾವಳಿಯಲ್ಲಿ ಇಳಿದು ಬಿದನೂರು ಹಿಡಿಯಿತು. ಟಿಪ್ಪು ಅದನ್ನು ಮರಳಿ ಗೆದ್ದು, ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಮಂಗಳೂರಿನ ಕೋಟೆಯನ್ನೂ ಬಿಡಿಸಿಕೊಂಡ. ಕ್ರೈಸ್ತರು ಮ್ಯಾಥ್ಯೂಸನಿಗೆ ಹಣ ಕೊಟ್ಟರು, ದಾರಿ ತೋರಿಸಿದರು ಎಂಬ ಆರೋಪ ಟಿಪ್ಪುವಿನ ಕಿವಿಗೆ ಬಿದ್ದಿತ್ತು. ಕೆಲವರು ಕೊಟ್ಟಿರಲೂಬಹುದು. ಆದರೆ ಕೆಲವರ ಮೇಲಿನ ಸಂಶಯಕ್ಕೆ ಇಡೀ ಒಂದು ಸಮುದಾಯವನ್ನು, ತೊಟ್ಟಿಲ ಕೂಸೂ ಸೇರಿದಂತೆ, ಹೊತ್ತೊಯ್ಯುವುದು ನ್ಯಾಯವಲ್ಲ. ಅದೇ ಟಿಪ್ಪು 1791ರಲ್ಲಿ ಮರಾಠರು ಕೊಳ್ಳೆಹೊಡೆದ ಶೃಂಗೇರಿ ಮಠಕ್ಕೆ ನೆರವು ಕೊಟ್ಟವನೂ ಹೌದು. ಒಂದು ನಿಜ ಇನ್ನೊಂದನ್ನು ಅಳಿಸುವುದಿಲ್ಲ. ಅವನ ಹೆಸರಿನಲ್ಲಿ ಇಂದು ನಡೆಯುವ ಜಗಳಗಳಿಗೆ ಈ ಸೆರೆಯ ಕಥೆಯನ್ನು ಕಲ್ಲಾಗಿ ಎಸೆಯುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ನೊಂದವರ ಕಥೆಯಲ್ಲಿ ಮೊದಲು ನೋಡಬೇಕಾದ್ದು ನೊಂದವರನ್ನು.

1784ರ ಫೆಬ್ರವರಿ ಕೊನೆಯ ವಾರ. ವಿಭೂತಿ ಬುಧವಾರ. ನಲವತ್ತು ದಿನಗಳ ತಪಸ್ಸಿನ ಕಾಲ ಶುರುವಾಗುವ ಆ ದಿನ ಕ್ಯಾಥೊಲಿಕರು ಹಣೆಗೆ ಬೂದಿ ಹಚ್ಚಿಸಿಕೊಳ್ಳುತ್ತಾರೆ. ಮನುಷ್ಯ ಮಣ್ಣಿನಿಂದ ಬಂದವನು, ಮಣ್ಣಿಗೆ ಹೋಗುವವನು ಎಂಬುದರ ನೆನಪಿಗೆ. ಕ್ರೈಸ್ತರ ಮನೆಗಳನ್ನು ಮೊದಲೇ ಗುಟ್ಟಾಗಿ ಎಣಿಸಿಡಲಾಗಿತ್ತು. ಸಿಪಾಯಿಗಳು ಒಂದೇ ಸಲಕ್ಕೆ ಊರೂರನ್ನು ಸುತ್ತುವರಿದು ಜನರನ್ನು ಹಿಡಿದರು. ಮನೆ, ಗದ್ದೆ, ತೋಟ ಜಪ್ತಿಯಾದವು. ಪಾದ್ರಿಗಳನ್ನು ಗೋವೆಗೆ ಅಟ್ಟಿ, ಮರಳಿ ಕಾಲಿಟ್ಟರೆ ನೇಣು ಎಂದು ಹೇಳಲಾಯಿತು. ಇಗರ್ಜಿಗಳು ನೆಲಸಮವಾದವು. ಮಂಗಳೂರಿನಲ್ಲಿ 1568ರಷ್ಟು ಹಿಂದಿನ ರೊಜಾರಿಯೊ ಹೋಯಿತು, 1680ರ ಮಿಲಾಗ್ರಿಸ್ ಹೋಯಿತು. ಮೂಡಬಿದಿರೆ ಬಳಿಯ ಹೊಸಬೆಟ್ಟಿನ ಇಗರ್ಜಿ ಉಳಿಯಿತು, ಏಕೆಂದರೆ ಅಲ್ಲಿನ ಜೈನ ಅರಸ ಚೌಟ ಅದಕ್ಕಾಗಿ ಬೇಡಿಕೊಂಡ. ಕ್ರೈಸ್ತನಲ್ಲದ ಅರಸನೊಬ್ಬ ಕ್ರೈಸ್ತರ ದೇವಾಲಯಕ್ಕಾಗಿ ಸುಲ್ತಾನನ ಮುಂದೆ ಬಾಯಿಬಿಟ್ಟದ್ದು ಸಣ್ಣ ಧೈರ್ಯವಲ್ಲ.

ಹಿಡಿದವರು ಎಷ್ಟು ಮಂದಿ? ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ 30,000 ಎನ್ನುತ್ತಾನೆ. ಟಿಪ್ಪುವಿನ ಆಸ್ಥಾನದ ಚರಿತ್ರೆ 60,000 ಎನ್ನುತ್ತದೆ. ಬುಕಾನನ್ ಕೇಳಿಸಿಕೊಂಡ 80,000 ಒಟ್ಟು ಜನಸಂಖ್ಯೆಯ ಮಾತು. ಯಾವ ಲೆಕ್ಕ ಹಿಡಿದರೂ ಕರಾವಳಿಯ ಒಂದು ಸಮುದಾಯವೇ ಬೇರುಸಹಿತ ಎದ್ದು ಹೋಯಿತು ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಅವರನ್ನು ಘಟ್ಟ ಹತ್ತಿಸಿದರು. ಮಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ವಾರಗಟ್ಟಲೆಯ ಕಾಲ್ನಡಿಗೆ. ಗರ್ಭಿಣಿಯರು, ಮುದುಕರು, ಎಳೆಯರು ದಾರಿಯಲ್ಲೇ ಉಳಿದರು. ಸತ್ತವರ ಸಂಖ್ಯೆ ಸಾವಿರಾರು. ಬದುಕಿ ತಲುಪಿದವರಲ್ಲಿ ತರುಣರನ್ನು ಸುನ್ನತಿ ಮಾಡಿಸಿ, ಹೆಸರು ಬದಲಿಸಿ, ಸುಲ್ತಾನನ ಅಹ್ಮದಿ ದಳಗಳಿಗೆ ಸೇರಿಸಿದರು. ಅದೇ ಊರಿನಲ್ಲಿ ಸೆರೆಯಾಳಾಗಿದ್ದ ಜೇಮ್ಸ್ ಸ್ಕರಿ ಎಂಬ ಇಂಗ್ಲಿಷ್ ನಾವಿಕ ತಾನು ಕಂಡದ್ದನ್ನು ಮುಂದೆ ಬರೆದ. ಹೆಣ್ಣುಮಕ್ಕಳನ್ನು ಒಪ್ಪಿಸಬೇಕೆಂಬ ಆಜ್ಞೆಗೆ ಬಗ್ಗದ ಕೆನರಾ ಕ್ರೈಸ್ತರ ಮೂಗು, ಕಿವಿ, ಮೇಲ್ದುಟಿ ಕತ್ತರಿಸಿ, ಕತ್ತೆಯ ಮೇಲೆ ಕೂರಿಸಿ ಬೀದಿಯಲ್ಲಿ ಮೆರೆಸಿದರು ಎಂಬುದು ಅವನ ಸಾಕ್ಷ್ಯ.

ಈಗ ನನಗೆ ಅತ್ಯಂತ ಮುಖ್ಯವೆನಿಸುವ ಪ್ರಶ್ನೆಗೆ ಬರುತ್ತೇನೆ. ಪಾದ್ರಿ ಇಲ್ಲ, ಇಗರ್ಜಿ ಇಲ್ಲ, ಪೂಜೆ ಇಲ್ಲ, ಘಂಟೆ ಇಲ್ಲ. ಹುಟ್ಟುಹೆಸರು ಕೂಡ ಇಲ್ಲ. ಹೀಗೆ ಹದಿನೈದು ವರ್ಷ. ಐದು ವರ್ಷದವನಾಗಿ ಸೆರೆಹೋದ ಹುಡುಗ ಇಪ್ಪತ್ತರ ಯೋಧನಾದ. ಸೆರೆಯಲ್ಲೇ ಹುಟ್ಟಿದ ಹುಡುಗಿಗೆ ಇಗರ್ಜಿ ಎಂದರೆ ಅಮ್ಮ ಹೇಳಿದ ಕಥೆ, ಅಷ್ಟೇ. ಆದರೂ 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಜನ ಸಾವಿರಗಟ್ಟಲೆಯಾಗಿ ಘಟ್ಟ ಇಳಿದು ಬಂದು, ಮತ್ತೆ ಪಾದ್ರಿಗಳ ಮುಂದೆ ಮೊಣಕಾಲೂರಿದರು. ಅಷ್ಟು ಕಾಲ ಆ ವಿಶ್ವಾಸ ಎಲ್ಲಿ ಉಳಿದಿತ್ತು?

ಅದು ಮನೆಯೊಳಗೆ ಉಳಿದಿತ್ತು ಎಂದು ನಾನು ನಂಬುತ್ತೇನೆ. ಕೊಂಕಣಿ ಕ್ಯಾಥೊಲಿಕರ ಮನೆಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಮನೆಮಂದಿಯೆಲ್ಲ ಕೂಡಿ ಹೇಳುವ ಜಪಸರದ ಪ್ರಾರ್ಥನೆ, ಅವರು ತೇರ್ಸ್ ಎನ್ನುವುದು, ಪಾದ್ರಿಯನ್ನು ಬೇಡುವುದಿಲ್ಲ. ಅಜ್ಜಿ ಮೊದಲು ಹೇಳಿದರೆ ಉಳಿದವರು ಮುಗಿಸುತ್ತಾರೆ. ಮಣಿಸರ ಕಿತ್ತುಕೊಂಡರೆ ಬೆರಳ ಗೆಣ್ಣುಗಳಿವೆ. ಮಗುವಿಗೆ ಜ್ಞಾನಸ್ನಾನ ಕೊಡಲು ಕೂಡ ಆಪತ್ಕಾಲದಲ್ಲಿ ಪಾದ್ರಿಯೇ ಆಗಬೇಕೆಂದಿಲ್ಲ. ತಲೆಗೆ ನೀರೆರೆದು ತಂದೆ, ಮಗ, ಪವಿತ್ರಾತ್ಮನ ಹೆಸರು ಹೇಳಿದರೆ ಸೂಲಗಿತ್ತಿ ಕೊಟ್ಟ ಸ್ನಾನವೂ ಸಿಂಧುವೆಂಬುದು ಕ್ಯಾಥೊಲಿಕ್ ಸಭೆಯ ಹಳೆಯ ನಿಯಮ. ಜೊತೆಗೆ ಕರಾವಳಿಯಲ್ಲಿ ಗುರ್ಕಾರರ ಪದ್ಧತಿಯಿದೆ. ವಾಡೆಯ ಹಿರಿಯನೊಬ್ಬ ತನ್ನ ಸುತ್ತಿನ ಮನೆಗಳ ಪ್ರಾರ್ಥನೆ, ಮದುವೆ, ಸಾವು, ಜಗಳಗಳ ಮೇಲೆ ಕಣ್ಣಿಡುತ್ತಾನೆ. ಈ ಸೆರೆಗೆ ನೂರು ವರ್ಷ ಮೊದಲು, 1681ರಿಂದ 1684ರವರೆಗೆ, ಗೋವೆಯ ಪಾದ್ರಿ ಜೋಸೆಫ್ ವಾಸ್ ಕೆನರಾದಲ್ಲಿ ಓಡಾಡಿ ಚದುರಿದ್ದ ವಿಶ್ವಾಸಿಗಳನ್ನು ಕೂಡಿಸಿದ್ದರು. ಕಾಸರಗೋಡಿನ ಗಡಿಗೆ ತಾಗಿದಂತಿರುವ ಮುಡಿಪು ಗುಡ್ಡದಲ್ಲಿ ಅವರ ನೆನಪು ಇಂದಿಗೂ ಹಸಿರಾಗಿದೆ. ಅವರು ಇಲ್ಲಿಂದ ಹೋಗಿ ಡಚ್ಚರು ಕ್ಯಾಥೊಲಿಕರನ್ನು ಅಡಗಿಸಿದ್ದ ಸಿಂಹಳದಲ್ಲಿ ಗುಟ್ಟಾಗಿ ಕೆಲಸ ಮಾಡಿ 1711ರಲ್ಲಿ ತೀರಿಕೊಂಡರು. 2015ರಲ್ಲಿ ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು. ಪಾದ್ರಿ ವರ್ಷಕ್ಕೊಮ್ಮೆ ಬಂದರೂ, ಬಾರದಿದ್ದರೂ ಮನೆಯಲ್ಲೇ ವಿಶ್ವಾಸ ನಿಲ್ಲಬೇಕು ಎಂಬುದು ಆ ಕಾಲದ ಪಾಠ. ಸೆರೆಗೆ ಹೋದವರ ಕೈಯಲ್ಲಿದ್ದ ಬುತ್ತಿ ಇದೊಂದೇ.

ಇದಕ್ಕೆ ಎದುರಾಗಿ ಒಂದು ಗಟ್ಟಿಯಾದ ಸಾಕ್ಷ್ಯವಿದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ಉಳಿದ ಕ್ರೈಸ್ತರನ್ನು ಕೂಡಿಸಲು ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ 1823ರಲ್ಲಿ ಪ್ರಕಟಿಸಿದ ಪತ್ರಗಳಲ್ಲಿ ಈ ಸೆರೆಯನ್ನು ನೆನೆದು ತಲೆತಗ್ಗಿಸುತ್ತಾನೆ. ಅಷ್ಟು ಸಾವಿರ ಜನರಲ್ಲಿ ತನ್ನ ವಿಶ್ವಾಸವನ್ನು ಬಹಿರಂಗವಾಗಿ ಸಾರಿ ಪ್ರಾಣ ಕೊಡುವ ಗಂಡಸು ಒಬ್ಬನೂ ಇರಲಿಲ್ಲ ಎಂಬುದು ಅವನ ದೂರು.

ದುಬಾಯ್ ದೊಡ್ಡ ಮನುಷ್ಯ. ಮೈಸೂರು ಸೀಮೆಯಲ್ಲಿ ಹಳ್ಳಿಯವರಂತೆ ಉಟ್ಟು, ಉಂಡು, ಸಿಡುಬಿನ ಚುಚ್ಚುಮದ್ದು ಹಾಕಿಸಲು ಓಡಾಡಿದವನು. ಆದರೆ ಈ ಮಾತಿನಲ್ಲಿ ಅವನು ತಪ್ಪಿದನೆಂದೇ ನನ್ನ ತೀರ್ಮಾನ. 1784ರಲ್ಲಿ ಅವನು ಭಾರತಕ್ಕೇ ಬಂದಿರಲಿಲ್ಲ. ಭಾರತೀಯರನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಕೆಲಸ ಎಂದು ಸಾಧಿಸುವುದೇ ಆ ಪುಸ್ತಕದ ಉದ್ದೇಶ. ಸೆರೆಯ ಕಥೆ ಅಲ್ಲಿ ಒಂದು ಆಧಾರವಾಗಿ ಬರುತ್ತದೆ. ಕಣ್ಣಾರೆ ಕಂಡ ಸ್ಕರಿ ಮೂಗು ಕಳೆದುಕೊಂಡ ತಂದೆಯರನ್ನು ನೆನೆಯುತ್ತಾನೆ, ಕಾಣದ ದುಬಾಯ್ ಒಬ್ಬನೂ ಇರಲಿಲ್ಲ ಎನ್ನುತ್ತಾನೆ. ಇಬ್ಬರಲ್ಲಿ ನಾನು ನಾವಿಕನ ಮಾತಿಗೆ ಹೆಚ್ಚು ಬೆಲೆ ಕೊಡುತ್ತೇನೆ.

ಇನ್ನೂ ಆಳದ ಉತ್ತರ ಕ್ರೈಸ್ತರ ಸ್ವಂತ ಪರಂಪರೆಯಲ್ಲೇ ಇದೆ. ಯೇಸುವನ್ನು ಹಿಡಿದ ರಾತ್ರಿ ಮಹಾಯಾಜಕನ ಅಂಗಳದಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತ ಆ ಮನುಷ್ಯನನ್ನು ನಾನರಿಯೆ ಎಂದು ಕೋಳಿ ಕೂಗುವ ಮೊದಲು ಮೂರು ಸಲ ಹೇಳಿದವನು ಪೇತ್ರ. ಸಭೆಯನ್ನು ಒಪ್ಪಿಸಿದ್ದು ಅವನ ಕೈಗೇ. ಕ್ರಿಸ್ತಶಕ 250ರಲ್ಲಿ ರೋಮಿನ ಚಕ್ರವರ್ತಿ ದೇಸಿಯಸ್ ಎಲ್ಲರೂ ರೋಮನ್ ದೇವತೆಗಳಿಗೆ ಬಲಿ ಅರ್ಪಿಸಬೇಕೆಂದು ಆಜ್ಞೆ ಮಾಡಿದಾಗ ಹೆದರಿ ಅರ್ಪಿಸಿದ ಕ್ರೈಸ್ತರು ಅಸಂಖ್ಯ. ಬಗ್ಗಿದವರಿಗೆ ಇನ್ನು ಜಾಗವಿಲ್ಲ ಎಂದು ಹಟ ಹಿಡಿದವರೂ ಆಗ ಇದ್ದರು. ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಮತ್ತು 251ರ ಸಭೆ ಪ್ರಾಯಶ್ಚಿತ್ತದ ದಾರಿಯಲ್ಲಿ ಬಗ್ಗಿದವರಿಗೆ ಬಾಗಿಲು ತೆರೆಯಿತು. ಮಕ್ಕಳ ಜೀವ ಕತ್ತಿಯ ತುದಿಯಲ್ಲಿದ್ದಾಗ ತಲೆಬಾಗಿದ ತಾಯಿಯನ್ನು ಹೇಡಿ ಎನ್ನಲು ಯಾರಿಗೂ ಹಕ್ಕಿಲ್ಲ. ಹುತಾತ್ಮರಾಗುವುದು ಒಂದು ಬಗೆಯ ಶಕ್ತಿ. ಬದುಕಿ, ನೆನಪಿಟ್ಟುಕೊಂಡು, ಬಾಗಿಲು ತೆರೆದ ದಿನ ಮನೆಗೆ ಮರಳುವುದು ಇನ್ನೊಂದು ಬಗೆಯದು. ಕೆನರಾದ ಕ್ರೈಸ್ತರಿಗೆ ದಕ್ಕಿದ್ದು ಎರಡನೆಯದು.

ಸೆರೆ ಮುಗಿಯುವ ತನಕ ಎಲ್ಲರೂ ಕಾಯಲಿಲ್ಲ. ಕಾರ್ನ್‌ವಾಲಿಸನ ಇಂಗ್ಲಿಷ್ ಸೈನ್ಯ ಶ್ರೀರಂಗಪಟ್ಟಣವನ್ನು ಮುತ್ತಿದ 1791–92ರ ಗದ್ದಲದಲ್ಲಿ ಅನೇಕರು ತಪ್ಪಿಸಿಕೊಂಡರು. ಸಿಕ್ಕಿಬಿದ್ದವರಿಗೆ ಕಿವಿ, ಮೂಗು, ಕೈಕಾಲು ಕಡಿಯುವ ಶಿಕ್ಷೆಯಿತ್ತು ಎಂದು ಗಂಗೊಳ್ಳಿಯ ಸಿಲ್ವ ಎಂಬ, ಬದುಕಿ ಉಳಿದ ಸೆರೆಯಾಳಿನ ಹೇಳಿಕೆ. ಕೊಡಗಿನ ದೊಡ್ಡ ವೀರರಾಜೇಂದ್ರ ಓಡಿಬಂದವರಿಗೆ ನೆಲೆ ಕೊಟ್ಟ. ತಾನೂ ಟಿಪ್ಪುವಿನ ಸೆರೆಯಿಂದ 1788ರಲ್ಲಿ ತಪ್ಪಿಸಿಕೊಂಡು ಬಂದವನು, ಆ ಸಂಕಟ ಅವನಿಗೆ ಗೊತ್ತಿತ್ತು. ಅವನು 1792ರಲ್ಲಿ ಕಟ್ಟಿಸಿದ ವೀರರಾಜಪೇಟೆಯಲ್ಲಿ ಕ್ಯಾಥೊಲಿಕರು ನೆಲೆನಿಂತರು, ಇಗರ್ಜಿ ಎದ್ದಿತು. ಇನ್ನು ಕೆಲವರು ಮಲಬಾರ್ ಸೇರಿದರು; ಬುಕಾನನ್ ಕೇಳಿದ ಹತ್ತು ಸಾವಿರದವರು ಅವರು.

ಮರಳಿದವರಿಗೆ ಕಾದಿದ್ದು ಬಯಲು. ಗದ್ದೆಗಳು ಬೇರೆಯವರ ಕೈಸೇರಿದ್ದವು. ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ, ಅವನ ಬಳಿಕ ದಕ್ಷಿಣ ಭಾಗದ ಕಲೆಕ್ಟರನಾದ ರಾವೆನ್‌ಶಾ, ಅವರ ಆಸ್ತಿ ಮರಳಿಸಲು ನೆರವಾದರು. ಗೋವೆಯಿಂದ ಪಾದ್ರಿಗಳು ಬಂದರು. ಬುಕಾನನ್ ಮರಳಿದವರನ್ನು ನೋಡಿದ್ದು ಇದೇ ದುಃಸ್ಥಿತಿಯಲ್ಲಿ. ಆದರೂ ಅವನು ಬರೆದದ್ದೇನು? ಈ ಜನರ ದುಡಿಮೆಯನ್ನು ನೆರೆಯ ಹಿಂದೂಗಳೇ ಮನಸಾರೆ ಒಪ್ಪಿಕೊಳ್ಳುತ್ತಾರೆ ಎಂದು. ಎಲ್ಲವನ್ನೂ ಕಳೆದುಕೊಂಡು ಬಂದವರು ಎರಡು ವರ್ಷದೊಳಗೆ ನೆರೆಯವರ ಬಾಯಲ್ಲಿ ಒಳ್ಳೆಯ ದುಡಿಮೆಗಾರರೆನಿಸಿಕೊಂಡಿದ್ದರು. ಸೇಡಿನ ಮಾತು, ದಂಗೆಯ ಮಾತು ಅವನ ಬರಹದಲ್ಲಿ ಇವರ ಬಗ್ಗೆ ಇಲ್ಲ. ಸಂಕಟ ತಾಳ್ಮೆಯನ್ನು ಹುಟ್ಟಿಸುತ್ತದೆ, ತಾಳ್ಮೆ ಭರವಸೆಗೆ ದಾರಿಯಾಗುತ್ತದೆ ಎಂಬರ್ಥದಲ್ಲಿ ಸಂತ ಪೌಲ ರೋಮಿನವರಿಗೆ ಬರೆದ ಪತ್ರದ 5ನೆಯ ಅಧ್ಯಾಯ ಮಾತಾಡುತ್ತದೆ. ಇಗರ್ಜಿಗಳಲ್ಲಿ ಇದನ್ನು ಓದುವಾಗ ಬಹಳ ಜನ ದೂರದ ರೋಮನ್ನು ನೆನೆಯುತ್ತಾರೆ. ಕರಾವಳಿಯವರಿಗೆ ಅಷ್ಟು ದೂರ ಹೋಗಬೇಕಾಗಿಲ್ಲ.

ಒಂದು ಮಾತನ್ನು ಇಲ್ಲಿ ಸ್ಪಷ್ಟ ಮಾಡಬೇಕು. ಈ ಸೆರೆ ದೇವರೇ ಕಳಿಸಿದ ಪರೀಕ್ಷೆ, ಆದ್ದರಿಂದ ಒಳ್ಳೆಯದೇ ಆಯಿತು ಎಂದು ಉಪದೇಶಿಸುವವರ ಜೊತೆ ನಾನಿಲ್ಲ. ಬೈಬಲಿನ ಯೋಬನ ಕಥೆಯಲ್ಲಿ ಹೀಗೆ ಮಾತಾಡಿದ ಗೆಳೆಯರನ್ನು ದೇವರೇ ಗದರಿಸುತ್ತಾನೆ. ದಾರಿಯಲ್ಲಿ ಸತ್ತ ಮಗುವಿಗೆ ಯಾವ ಅರ್ಥವೂ ಸಮಾಧಾನವಾಗದು. ಅರ್ಥವಿರುವುದು ಉಳಿದವರು ಏನು ಮಾಡಿದರು ಎಂಬಲ್ಲಿ.

ಅವರು ಮಾಡಿದ್ದರಲ್ಲಿ ಕಾಸರಗೋಡಿನ ಪಾಲೂ ಇದೆ. 19ನೆಯ ಶತಮಾನದುದ್ದಕ್ಕೂ ನೇತ್ರಾವತಿಯ ತೆಂಕುದಿಕ್ಕಿನ ಗುಡ್ಡ ಬಯಲುಗಳಲ್ಲಿ ಕ್ಯಾಥೊಲಿಕ್ ಒಕ್ಕಲುಗಳು ಹರಡಿದವು. ಮುರಕಲ್ಲಿನ ಗುಡ್ಡ ಕಡಿದು, ಸುರಂಗ ತೋಡಿ ನೀರು ತಂದು, ಅಡಕೆ ತೆಂಗು ಬೆಳೆಸುವ ಈ ಸೀಮೆಯ ಬೇಸಾಯ ಅವರ ಬೇಸಾಯವೂ ಆಯಿತು. ಕುಂಬಳೆಯಿಂದ ಬದಿಯಡ್ಕದ ಕಡೆ ಹೋಗುವಾಗ ಸಿಗುವ ಬೇಳದಲ್ಲಿ 1890ರಲ್ಲಿ ಇಗರ್ಜಿ ಸ್ಥಾಪನೆಯಾಯಿತು. ಇಂದಿನ ಕಾಸರಗೋಡು ಸೀಮೆಯ ಇಗರ್ಜಿಗಳಲ್ಲಿ ಹಳೆಯದು ಅದು. ಗಾಥಿಕ್ ಶೈಲಿಯ ಆ ಕಟ್ಟಡವನ್ನು ಅರ್ಪಿಸಿರುವುದು ಶೋಕಮಾತೆಗೆ.

ಈ ಹೆಸರನ್ನು ಸೆರೆಯ ನೆನಪಿಗೆಂದೇ ಇಟ್ಟರು ಎಂದು ನಾನು ಹೇಳುವುದಿಲ್ಲ. ಶೋಕಮಾತೆಯ ಭಕ್ತಿ ಕ್ಯಾಥೊಲಿಕ್ ಲೋಕದಲ್ಲೆಲ್ಲ ಇದೆ. ಆದರೆ ಮರಿಯಮ್ಮನ ಏಳು ಶೋಕಗಳ ಪಟ್ಟಿಯನ್ನು ಈ ಚರಿತ್ರೆಯ ಪಕ್ಕದಲ್ಲಿಟ್ಟು ಓದಬೇಕು. ಮುದುಕ ಸಿಮೆಯೋನ ನುಡಿದ ಭವಿಷ್ಯ, ಅರಸನ ಕತ್ತಿಗೆ ಹೆದರಿ ಹಸುಗೂಸಿನೊಡನೆ ಈಜಿಪ್ಟಿಗೆ ಪಲಾಯನ, ಜೆರುಸಲೇಮಿನಲ್ಲಿ ಮಗ ಮೂರು ದಿನ ಕಾಣೆಯಾದದ್ದು, ಶಿಲುಬೆ ಹೊತ್ತ ಮಗನನ್ನು ದಾರಿಯಲ್ಲಿ ಕಂಡದ್ದು, ಅವನ ಸಾವು, ಹೆಣವನ್ನು ಮಡಿಲಿಗೆ ಇಳಿಸಿಕೊಂಡದ್ದು, ಹೂಳಿದ್ದು. ಘಟ್ಟ ಹತ್ತಿ ಇಳಿದವರ ಮೊಮ್ಮಕ್ಕಳಿಗೆ, ಮರಿಮಕ್ಕಳಿಗೆ ಇದರಲ್ಲಿ ಗುರುತಿಲ್ಲದ ದುಃಖ ಒಂದಾದರೂ ಇತ್ತೇ? ಸೆಪ್ಟೆಂಬರ್ 8ರಂದು ಹೊಸ ತೆನೆ ಹಂಚಿ ಮೊಂತಿ ಫೆಸ್ತ್ ಮಾಡುವ ಈ ಜನ ಒಂದೇ ವಾರಕ್ಕೆ, 15ರಂದು, ಅದೇ ತಾಯಿಯ ಶೋಕದ ಹಬ್ಬ ಆಚರಿಸುತ್ತಾರೆ. ಫರಂಗಿಪೇಟೆಯ ಮೊಂತೆ ಮರಿಯಾನೊದಲ್ಲಿ ಪಾದ್ರಿ ಜೊವಾಕಿಮ್ ಮಿರಾಂದಾ 1763ರಲ್ಲಿ ಆರಂಭಿಸಿದರೆನ್ನುವ ತೆನೆಹಬ್ಬ ಸೆರೆಯನ್ನೂ ದಾಟಿ ಉಳಿದು ಬಂದಿದೆ.

ಬೇಳದ ಇಗರ್ಜಿ ಎದ್ದ 1890ರಲ್ಲೇ ಮಂಗಳೂರಿನ ಕಂಕನಾಡಿಯಲ್ಲಿ ಜರ್ಮನ್ ಜೆಸ್ವಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ ಕುಷ್ಠರೋಗಿಗಳಿಗೆ ಆಸರೆಮನೆ ತೆರೆದರು. 1902ರಲ್ಲಿ ಪ್ಲೇಗ್ ಬಂದಾಗ ಅದಕ್ಕೊಂದು ಆಸ್ಪತ್ರೆ ಕಟ್ಟಿಸಿದರು. ಕಾಸರಗೋಡಿನ ಎಷ್ಟೋ ಮನೆಗಳಿಗೆ ಇಂದಿಗೂ ದೊಡ್ಡ ಕಾಯಿಲೆ ಎಂದರೆ ಮಂಗಳೂರಿನ ಆಸ್ಪತ್ರೆಯೇ. ನೂರು ವರ್ಷ ಮೊದಲು ತಾನೇ ಬೀದಿಗೆ ಬಿದ್ದಿದ್ದ ಸಮುದಾಯ ಮತ್ತೊಬ್ಬರ ಹುಣ್ಣು ತೊಳೆಯುವ ಕೆಲಸಕ್ಕೆ ತನ್ನ ಮಕ್ಕಳನ್ನು ಕೊಟ್ಟಿತು. ಸಂಕಟಕ್ಕೆ ಅರ್ಥ ಸಿಕ್ಕಿದ್ದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ನನಗೆ ಕಾಣುವುದಿಲ್ಲ.

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಆದರೆ ಬೇಳ, ಕಯ್ಯಾರು, ವರ್ಕಾಡಿ, ಮಂಜೇಶ್ವರದ ಇಗರ್ಜಿಗಳು ಇಂದಿಗೂ ಮಂಗಳೂರು ಧರ್ಮಪ್ರಾಂತದಲ್ಲೇ ಇವೆ.

ಈ ಸೆರೆಯ ಬಗ್ಗೆ ನಮಗಿರುವ ಬರಹಗಳನ್ನು ಮತ್ತೊಮ್ಮೆ ಎಣಿಸಿ ನೋಡಿ. ಕಂಪನಿಯ ಅಧಿಕಾರಿಗಳು, ಒಬ್ಬ ಇಂಗ್ಲಿಷ್ ನಾವಿಕ, ಒಬ್ಬ ಫ್ರೆಂಚ್ ಪಾದ್ರಿ, ಬದುಕಿ ಉಳಿದ ಒಬ್ಬ ಸೆರೆಯಾಳು, ಸುಲ್ತಾನನ ಆಸ್ಥಾನ. ಹದಿನೈದು ವರ್ಷ ವಿಶ್ವಾಸವನ್ನು ಕಾಪಾಡಿದ ಹೆಂಗಸರ ದನಿ ಅಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಉಳಿದಿದ್ದರೆ ಅದು ಮನೆಮಾತಿನಲ್ಲಿ, ಅಜ್ಜಿಯರು ಹೇಳಿದ ಕಥೆಗಳಲ್ಲಿ ಉಳಿದಿರಬೇಕು. ಬೇಳದಲ್ಲೋ ವರ್ಕಾಡಿಯಲ್ಲೋ ನಿಮ್ಮ ಮನೆಯಲ್ಲಿ ಶ್ರೀರಂಗಪಟ್ಟಣದಿಂದ ನಡೆದು ಬಂದ ಹಿರಿಯರ ಕಥೆ ಇನ್ನೂ ಇದ್ದರೆ, ಕೊಂಕಣಿಯಲ್ಲಾಗಲಿ ಕನ್ನಡದಲ್ಲಾಗಲಿ, ಹೇಳುವವರು ಇರುವಾಗಲೇ ಬರೆದಿಡಿ.